ನಿಧಾನದ ಸೊಬಗು, ನಾಳೆ ಹನ್ನೊಂದರೊಳಗೆ

ಕೈಕಸುಬಿಗೆಂದು ಪುಟ ಮೀಸಲಿಟ್ಟ ನುಣುಪು ಕಾಗದದ ಮಾಸಿಕಗಳಿಗೆ ಜಯವಾಗಲಿ. ‘ಅವಸರವಿಲ್ಲದ ಬದುಕು’ ವಿಶೇಷಾಂಕಕ್ಕೆ ಹೊಸದೊಂದು ಹೂಜಿ ಬೇಕಂತೆ, ಗಡುವು ನಾಳೆ ಬೆಳಿಗ್ಗೆ ಹನ್ನೊಂದು. ತಿಗರಿಯಿಂದಿಳಿದ ಹೂಜಿ ಆರಿ, ಒಮ್ಮೆ ಸುಟ್ಟು, ಗಾಜಿನ ಹೊಳಪಿನ ಗ್ಲೇಜ್ ಲೇಪ ಹಚ್ಚಿಸಿಕೊಂಡು, ಮತ್ತೆ ಸುಟ್ಟು, ಭಟ್ಟಿ ತಣಿಯುವ ಹೊತ್ತಿಗೆ ಎರಡು ಮೂರು ವಾರ ಹಿಡಿಯುತ್ತದೆ. ಹಸಿ ಆರುವ ಮೊದಲೇ ಭಟ್ಟಿಗಿಟ್ಟರೆ ಒಳಗಿನ ನೀರು ಆವಿಯಾಗಿ ಹೂಜಿ ಸಿಡಿಯುತ್ತದೆ. ನೀರಿಗೆ ಸಂಪಾದಕರ ಪರಿಚಯವಿಲ್ಲ.

ಮಾಸಿಕ ಮಾತ್ರ ತನ್ನ ಮಟ್ಟಿಗೆ ನಿಧಾನವೇ. ಉಡುಗೊರೆ ಪುಟಗಳು 4ರಿಂದ 6 ತಿಂಗಳು ಮೊದಲೇ ಭರ್ತಿ. ಚಳಿಗಾಲದ ಸಂಚಿಕೆಗೆ ಉಣ್ಣೆ ಟೋಪಿ ಹೆಣೆಯುವವರು ಬೇಸಿಗೆಯಲ್ಲಿ ಬೆವರೊರೆಸಿಕೊಳ್ಳುತ್ತ ಮಾದರಿ ಕಳಿಸಬೇಕು. ಮಾದರಿ ಎಂದರೆ ಬಿಟ್ಟಿ. ವಾಪಸಾತಿಯ ಅಂಚೆವೆಚ್ಚ, ವಿಳಾಸದ ಚೀಟಿ ಎರಡನ್ನೂ ಒಳಗಿಟ್ಟು ಕಳಿಸಿದ ಲೋಟ ಈಗ ಯಾವುದೋ ಮೇಜಿನ ಮೇಲೆ ಪೆನ್ನು ಹೊತ್ತು ನಿಂತಿರುತ್ತದೆ. ಟೋಪಿ ಯಾರ ತಲೆಗೋ.

ಇನ್ನು ಚಿತ್ರ. ಎ4 ಪುಟ ತುಂಬಲು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಬೇಕು, ಟ್ರಿಮ್ಮಿಂಗ್‌ಗೆಂದು ಸುತ್ತ 3 ಮಿ.ಮೀ. ಹೆಚ್ಚುವರಿ. ಇಷ್ಟೂ ಪಾಲಿಸಿ ಫೈಲ್ ಕಳಿಸಿದರೆ ‘ಓಪನ್ ಆಗ್ತಿಲ್ಲ, ವಾಟ್ಸಾಪ್ ಮಾಡಿಬಿಡಿ’ ಎಂಬ ಅಪ್ಪಣೆ. ಅಲ್ಲಿ ಹಿಂಡಿ ಹಿಪ್ಪೆಯಾಗಿ 1200 ಪಿಕ್ಸೆಲ್‌ಗಿಳಿದ ಚಿತ್ರ ಅಚ್ಚಿನಲ್ಲಿ ಸುಮಾರು 10 ಸೆಂ.ಮೀ. ಅಗಲಕ್ಕೆ ಸಾಕು. ಅದನ್ನೇ ಎರಡು ಪುಟಕ್ಕೆ ಎಳೆಯುತ್ತಾರೆ. ಹೂಜಿ ಮಸುಕು, ಹಿಡಿಕೆ ನಡುವಿನ ಬೈಂಡಿಂಗ್‌ನಲ್ಲಿ ಮಾಯ. ಬಣ್ಣದ್ದು ಬೇರೆಯೇ ಪುರಾಣ: ತೆರೆಯ ಮೇಲೆ ಮೂರು ಬೆಳಕು, ಅಚ್ಚಿನಲ್ಲಿ ನಾಲ್ಕು ಶಾಯಿ. ಬೆಳಕಿನ ಆರ್‌ಜಿಬಿಯಿಂದ ಶಾಯಿಯ ಸಿಎಂವೈಕೆಗೆ ಹೋದ ಗಾಢ ನೀಲಿ ನೇರಳೆಯತ್ತ ವಾಲುತ್ತದೆ. ಓದುಗರು ನೇರಳೆಯನ್ನು ಮೆಚ್ಚಿ ತರಿಸುತ್ತಾರೆ, ನೀಲಿ ಕಂಡು ಹಿಂದಿರುಗಿಸುತ್ತಾರೆ. ಅಚ್ಚಿಗೆ ಮೊದಲು ಪ್ರೂಫ್ ಕೇಳಿದರೆ ಟೈಮಿಲ್ಲ. (ಅವಸರವಿಲ್ಲದ ಬದುಕಿನ ಸಂಚಿಕೆ, ನೆನಪಿರಲಿ.)

‘ಒಂದರಂತೆ ಇನ್ನೊಂದಿಲ್ಲ’ ಎಂದು ತಲೆಬರಹ ಕೊಟ್ಟವರೇ ಫೋಟೊಗೆ ಅಚ್ಚು ಹೊಯ್ದಂಥ ಹನ್ನೆರಡು ಕೇಳುತ್ತಾರೆ. ಕೇಶವಿನ್ಯಾಸ ಯಾರದು, ಸೋಫಾ ಯಾರ ಕೃಪೆ, ಎಲ್ಲವೂ ಢಾಳಾಗಿ ಅಚ್ಚಾಗುತ್ತದೆ. ಮಾಡಿದವರ ಹೆಸರು 5 ಪಾಯಿಂಟ್ ತಿಳಿಬೂದು ಅಕ್ಷರದಲ್ಲಿ, ಅದೂ ತಪ್ಪು. ‘ಬೆಲೆಗೆ ವಿಚಾರಿಸಿ’ ಎಂದಿರುತ್ತದೆ, ಎಲ್ಲಿ ಎಂದಿರುವುದಿಲ್ಲ.

ಸಂಚಿಕೆ ಬಂದ ಮರುದಿನ ಜಾಹೀರಾತು ವಿಭಾಗದ ಕರೆ: ಮುಂದಿನ ಬಾರಿ ಕಾಲು ಪುಟ ತಗೊಳ್ಳಿ. ಆ ದರವನ್ನು ಒಂದು ಹೂಜಿಯಿಂದ ಉಳಿಯುವ ಹಣದಿಂದ ಭಾಗಿಸಿ ನೋಡಿ. ಬರೀ ಅಸಲು ಹುಟ್ಟಲು ಮಾರಬೇಕಾದ ಹೂಜಿಗಳು ವರ್ಷವಿಡೀ ತಿಗರಿ ತಿರುಗಿದರೂ ಆಗದಷ್ಟು. ಹೇಳಿದ ಪ್ರಸಾರ ಸಂಖ್ಯೆ ಅಚ್ಚಾದ ಪ್ರತಿಗಳದೋ, ಮಾರಾಟವಾದವುಗಳದೋ? ಕೇಳಿದರೆ ‘ಒಂದೊಂದು ಪ್ರತಿಯನ್ನೂ ಐದು ಜನ ಓದ್ತಾರೆ’ ಎನ್ನುತ್ತಾರೆ. ಅವರಲ್ಲಿ ನಾಲ್ವರು ದಂತವೈದ್ಯರ ಬಾಗಿಲಲ್ಲಿ ಕೆನ್ನೆ ಒತ್ತಿಕೊಂಡು ಕೂತವರು. ಐದನೆಯವರು ಮುಂದಿನ ಸಂಚಿಕೆಗೆ ಹೂಜಿ ಕಳಿಸಬೇಕಾದವರು.