‘ಸಾಂಪ್ರದಾಯಿಕ’ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ

ಈಗಷ್ಟೇ ಕಛೇರಿ ಕೇಳಿ ಮನೆಗೆ ಬಂದೆ. ಕೋಟು ಕೂಡ ಬಿಚ್ಚಿಲ್ಲ. ಸಿಟ್ಟು ಇಳಿಯೋ ಮೊದಲೇ ಬರೆದುಬಿಡುತ್ತೇನೆ, ನಾಳೆಗೆ ಇಟ್ಟರೆ ಸುಮ್ಮನಾಗಿಬಿಡುತ್ತೇನೆ.

ನುಡಿಸಿದವರ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ಎರಡು ಪಿಟೀಲು, ಒಂದು ಕೊಳಲು, ಒಂದು ಕನ್ಸರ್ಟೀನಾ, ಅಂದರೆ ಎರಡು ಕೈಯಲ್ಲಿ ಹಿಡಿದು ಎಳೆದು ಒತ್ತಿ ನುಡಿಸುವ ಸಣ್ಣ ಗಾಳಿಪೆಟ್ಟಿಗೆ. ಮೂರನೆಯದಾಗಿ ಎತ್ತಿಕೊಂಡದ್ದು ‘ಬಾನಿ ಕೇಟ್’. ನಾನು ಡಬ್ಲಿನ್‌ಗೆ ಬಂದು ಪಿಟೀಲು ಹಿಡಿದ ಮೇಲೆ ಇದೇ ರೀಲ್ ಹಿಂದೆ ಬಿದ್ದಿದ್ದೇನೆ ಅಂತ ನಿಮಗೆಲ್ಲ ಗೊತ್ತೇ ಇದೆ. ಹೊಸಬರಿಗೆ ಮಾತ್ರ ಹೇಳುತ್ತೇನೆ: ರೀಲ್ ಅಂದರೆ ಫೋನಿನ ರೀಲ್ಸ್ ಅಲ್ಲ. ಐರ್ಲೆಂಡಿನ ಕುಣಿತದ ಮಟ್ಟು. ನಾಲ್ಕರ ಎಣಿಕೆಯಲ್ಲಿ ಓಡುತ್ತದೆ. ಸಾಮಾನ್ಯವಾಗಿ ಎರಡು ಭಾಗ, ಭಾಗಕ್ಕೆ ಎಂಟು ಆವರ್ತ.

ಕಣ್ಣು ಮುಚ್ಚಿ ಕೇಳಿದೆ. ಮುಗಿದ ಮೇಲೆ ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆ ನೋಡಿದೆ. ಹದಿನಾಲ್ಕು ಮಟ್ಟುಗಳು. ಹದಿನಾಲ್ಕರ ಮುಂದೆಯೂ ಒಂದೇ ಪದ: ‘ಸಾಂಪ್ರದಾಯಿಕ’. ಬೆಳಕಿನ ವ್ಯವಸ್ಥೆ ಮಾಡಿದವರ ಹೆಸರಿದೆ. ಚಹಾ ಕೊಟ್ಟ ಅಂಗಡಿಯ ಹೆಸರಿದೆ. ಮಟ್ಟು ಕಟ್ಟಿದವರದ್ದು, ಕಾಪಾಡಿದವರದ್ದು, ಹೊತ್ತು ತಂದವರದ್ದು ಒಂದು ಹೆಸರೂ ಇಲ್ಲ.

ನನ್ನ ಜೊತೆ ಬಂದಿದ್ದ ಗೆಳೆಯ ಅಂದ, “ಬಿಡೋ ಮಾರಾಯ, ಇದು ಜಾನಪದ. ಜಾನಪದಕ್ಕೆ ಯಾರ ಹೆಸರು ಹಾಕ್ತಾರೆ?”

ಅಲ್ಲೇ ನನಗೆ ತಲೆ ಕೆಟ್ಟದ್ದು. ಬಾನಿ ಕೇಟ್ ಕಟ್ಟಿದವರು ಯಾರು ಅಂತ ಗೊತ್ತಿದೆ! ಅವರ ಹೆಸರು ಡೇನಿಯಲ್ ಡೌ. ಸ್ಕಾಟ್ಲೆಂಡಿನ ಪರ್ತ್‌ಶೈರ್ ಕಡೆಯವರು, ಎಡಿನ್‌ಬರೋದಲ್ಲಿ ಸಂಗೀತ ಪಾಠ ಹೇಳುತ್ತಿದ್ದ ಪಿಟೀಲುಗಾರ. ತೀರಿಕೊಂಡದ್ದು 1783ರಲ್ಲಿ. 1770ರ ದಶಕದಲ್ಲಿ ಅವರು 37 ಹೊಸ ರೀಲ್ ಮತ್ತು ಸ್ಟ್ರಾತ್‌ಸ್ಪೇಗಳ (ಇದೂ ಸ್ಕಾಟ್ಲೆಂಡಿನ ಒಂದು ಕುಣಿತದ ಮಟ್ಟು) ಪುಸ್ತಕ ತಂದರು. ಆಗ ಈ ಮಟ್ಟಿಗೆ ಇದ್ದ ಹೆಸರು ‘ದಿ ಬಾನಿ ಲಾಸ್ ಆಫ್ ಫಿಷರ್‌ರೋ’, ಅಂದರೆ ಫಿಷರ್‌ರೋದ ಚೆಲುವೆ. ಫಿಷರ್‌ರೋ ಎಡಿನ್‌ಬರೋ ಪಕ್ಕದ ಮೀನುಗಾರರ ಬಂದರು. ಅಲ್ಲಿನ ಹೆಂಗಸರು ಬುಟ್ಟಿ ತುಂಬ ಮೀನು ಬೆನ್ನಿಗೆ ಹಾಕಿಕೊಂಡು ಎಡಿನ್‌ಬರೋಗೆ ನಡೆದುಕೊಂಡು ಹೋಗಿ ಮಾರುತ್ತಿದ್ದರು. ಅಲ್ಲಿಯ ಹುಡುಗಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದಳು, ಊರಿನ ಹೆಸರು ಬಿಟ್ಟಳು, ಕೇಟ್ ಆದಳು. ಇದರಲ್ಲಿ ತಪ್ಪೇನೂ ಇಲ್ಲ. ಮಟ್ಟುಗಳು ಊರು ಬಿಡುತ್ತವೆ, ಹೆಸರು ಬದಲಿಸುತ್ತವೆ. ಆದರೆ ಅವಳು ಎಲ್ಲಿಂದ ಬಂದಳು ಅಂತ ಅರ್ಧ ಸಾಲು ಬರೆಯೋಕೆ ಏನು ಕಷ್ಟ?

‘ಬಾನಿ ಕೇಟ್’ ಅನ್ನೋ ಹೆಸರಲ್ಲೇ ಅವಳು ಫ್ರಾನ್ಸಿಸ್ ಓ’ನೀಲ್ ಅವರ ಐರಿಷ್ ಮಟ್ಟುಗಳ ಸಂಗ್ರಹಕ್ಕೂ ಸೇರಿದಳು. ಓ’ನೀಲ್ ಕಥೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಐರ್ಲೆಂಡಿನ ಕಾರ್ಕ್ ಜಿಲ್ಲೆಯಲ್ಲಿ ಬ್ಯಾಂಟ್ರಿ ಹತ್ತಿರ 1848ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಹಡಗು ಹತ್ತಿದರು. ಕೊನೆಗೆ ಶಿಕಾಗೋ ಪೊಲೀಸ್ ಸೇರಿ, 1901ರಿಂದ 1905ರವರೆಗೆ ಅಲ್ಲಿನ ಪೊಲೀಸ್ ಮುಖ್ಯಸ್ಥರಾಗಿದ್ದರು. ಕೊಳಲು ನುಡಿಸುತ್ತಿದ್ದರು, ಕೇಳಿದ ಮಟ್ಟು ಮರೆಯುತ್ತಿರಲಿಲ್ಲ. ಆದರೆ ಸ್ವರ ಬರೆಯೋಕೆ ಬರುತ್ತಿರಲಿಲ್ಲ. ಅವರು ನುಡಿಸುವುದು, ಜೇಮ್ಸ್ ಓ’ನೀಲ್ ಅನ್ನೋ ಇನ್ನೊಬ್ಬ ಪೊಲೀಸ್ ಕೂತು ಬರೆದುಕೊಳ್ಳುವುದು. ಹಾಗೆ 1903ರಲ್ಲಿ 1850 ಮಟ್ಟುಗಳ ಪುಸ್ತಕ ಹೊರಬಂತು. ಆ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದದ್ದು ಏನು ಗೊತ್ತಾ? ಎಷ್ಟೋ ಮಟ್ಟುಗಳ ಬಲಗಡೆ ಮೇಲೆ, ಸಣ್ಣ ಅಕ್ಷರದಲ್ಲಿ, ಅದನ್ನು ಕೊಟ್ಟವರ ಹೆಸರಿದೆ. ಒಬ್ಬ ಪೊಲೀಸ್ ಅಧಿಕಾರಿ 1903ರಲ್ಲಿ ಮಾಡಿದ್ದನ್ನು ನಾವು ಇವತ್ತು ಮಾಡೋಕೆ ಆಗೋದಿಲ್ವಾ?

ಇನ್ನು ಪಿಟೀಲುಗಾರ ಮೈಕಲ್ ಕೋಲ್ಮನ್. ಇವರ ಹೆಸರು ಬಿಟ್ಟದ್ದನ್ನಂತೂ ನಾನು ಕ್ಷಮಿಸಲಾರೆ.

ಐರ್ಲೆಂಡಿನ ಸ್ಲೈಗೊ ಜಿಲ್ಲೆಯ ಕಿಲ್ಲಾವಿಲ್ ಕಡೆಯವರು, 1891ರಲ್ಲಿ ಹುಟ್ಟಿದವರು. 1914ರಲ್ಲಿ ಅಮೆರಿಕಕ್ಕೆ ಹೋದರು. 1921ರಿಂದ 1936ರವರೆಗೆ ನ್ಯೂಯಾರ್ಕಿನಲ್ಲಿ ಗ್ರಾಮಫೋನ್ ಪ್ಲೇಟುಗಳಿಗೆ ನುಡಿಸಿದರು. ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ ಸಿಗುತ್ತಿತ್ತು, ಅಷ್ಟರಲ್ಲೇ ಎಲ್ಲ ಮುಗಿಯಬೇಕು. ಎಷ್ಟೋ ಪ್ಲೇಟುಗಳಲ್ಲಿ ಪಕ್ಕದ ಪಿಯಾನೋ ಒಂದು ದಾರಿ, ಇವರು ಇನ್ನೊಂದು ದಾರಿ. ಪಿಯಾನೋದವರಿಗೆ ಮಟ್ಟು ಎತ್ತ ತಿರುಗುತ್ತದೆ ಅಂತಲೇ ತಿಳಿದ ಹಾಗಿಲ್ಲ. ಅದೆಲ್ಲ ಬಿಡಿ, ಅವರ ಬಾನಿ ಕೇಟ್ ಕೇಳಿ. ಎರಡೇ ಭಾಗದ ಮಟ್ಟನ್ನು ಅವರು ಬಿಚ್ಚುತ್ತಾ ಹೋಗುತ್ತಾರೆ. ಒಮ್ಮೆ ನುಡಿಸಿದ ತಿರುವು ಮುಂದಿನ ಸಲ ಬಂದಾಗ ಹೊಸ ಬಟ್ಟೆ ಹಾಕಿಕೊಂಡು ಬರುತ್ತದೆ. ಬಿಲ್ಲು ಎಲ್ಲೂ ತಡವರಿಸೋದಿಲ್ಲ. ನಾನು ವೇಗ ಅರ್ಧಕ್ಕೆ ಇಳಿಸಿ, ಒಂದೇ ತಿರುವನ್ನು ವಾರಗಟ್ಟಲೆ ಕೇಳಿದ್ದೇನೆ. ಈಗಲೂ ನನ್ನ ಕೈಗೆ ಪೂರ್ತಿ ಕೂತಿಲ್ಲ.

ಆ ಪ್ಲೇಟುಗಳು ಅಮೆರಿಕದಿಂದ ಪಾರ್ಸೆಲ್‌ಗಳಲ್ಲಿ ಐರ್ಲೆಂಡಿಗೆ ವಾಪಸ್ ಬಂದವು. ಹಳ್ಳಿಗಳಲ್ಲಿ ಒಂದು ಗ್ರಾಮಫೋನ್ ಸುತ್ತ ಜನ ಸೇರಿ ಕೇಳಿದರು, ಹಾಗೆಯೇ ನುಡಿಸೋಕೆ ಹೊರಟರು. ಇದರಿಂದ ಬೇರೆ ಊರುಗಳ ಶೈಲಿಗೆ ಪೆಟ್ಟು ಬಿತ್ತು ಅನ್ನೋರಿದ್ದಾರೆ. ನಿಜ, ನಾನೂ ಒಪ್ಪುತ್ತೇನೆ. ಅದಕ್ಕೇ ಹೆಸರು ಜಾಸ್ತಿ ಬೇಕು! ಇವತ್ತು ಸಂಜೆ ನಾನು ಕೇಳಿದ ಬಾನಿ ಕೇಟ್‌ನಲ್ಲಿ ಕೋಲ್ಮನ್ ಅವರ ತಿರುವುಗಳು ಇದ್ದಂತೆಯೇ ಇದ್ದವು. ಒಬ್ಬ ಮನುಷ್ಯ ನ್ಯೂಯಾರ್ಕಿನಲ್ಲಿ ಕೂತು ಯೋಚಿಸಿ, ಬೆವರು ಸುರಿಸಿ ಕಟ್ಟಿದ ತಿರುವುಗಳವು. ಹೆಸರು ತೆಗೆದುಬಿಟ್ಟರೆ ಕೇಳುವ ಮಕ್ಕಳು ಏನಂದುಕೊಳ್ಳುತ್ತಾರೆ? ಮಟ್ಟು ಹುಟ್ಟಿದ್ದೇ ಹೀಗೆ, ಬೇರೆ ಹಾಗೆ ನುಡಿಸೋದೇ ತಪ್ಪು ಅಂತ.

ಗೆಳೆಯನ ಮಾತಿಗೆ ಬರುತ್ತೇನೆ. ಜಾನಪದ ಎಲ್ಲರ ಆಸ್ತಿ, ಹೆಸರು ಹಾಕಿದರೆ ಒಬ್ಬರ ಸೊತ್ತಾಗುತ್ತದೆ ಅನ್ನೋದು ಅವನ ವಾದ. ಇಲ್ಲ ಕಣೋ. ಡೌ ತೀರಿಕೊಂಡು ಇನ್ನೂರು ವರ್ಷ ದಾಟಿತು. ಯಾರೂ ಬಾಡಿಗೆ ಕೇಳೋಕೆ ಬರೋದಿಲ್ಲ. ಮನೆಗೆ ಬಂದವರನ್ನು ಯಾವ ಊರು, ಯಾರ ಕಡೆಯವರು ಅಂತ ಕೇಳೋದಿಲ್ವಾ? ಕೇಳಿದ ಮಾತ್ರಕ್ಕೆ ಅವರು ನಮ್ಮ ಆಸ್ತಿ ಆಗುತ್ತಾರಾ?

ಹುಡುಕೋಕೆ ಆಗೋದಿಲ್ಲ ಅನ್ನುವಂತೆಯೂ ಇಲ್ಲ. ಬ್ರೆಂಡನ್ ಬ್ರಾನಕ್ ಸರ್ಕಾರಿ ನೌಕರಿ ಮಾಡಿಕೊಂಡೇ ಮಟ್ಟುಗಳನ್ನು ಸಂಗ್ರಹಿಸಿ, 1963ರಲ್ಲಿ ಮೊದಲ ಸಂಪುಟ ತಂದರು. ಯಾವುದನ್ನು ಯಾರಿಂದ ಪಡೆದದ್ದು ಅಂತ ಬರೆದಿಟ್ಟರು. 1987ರಿಂದ ಇಲ್ಲೇ ಡಬ್ಲಿನ್‌ನಲ್ಲಿ ಸಾಂಪ್ರದಾಯಿಕ ಸಂಗೀತಕ್ಕೇ ಅಂತ ಒಂದು ಸಂಗ್ರಹಾಲಯ ಇದೆ. ಒಳಗೆ ಹೋಗಿ ಕೂತು ಕೇಳಬಹುದು, ದುಡ್ಡು ಕೊಡಬೇಕಿಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯ ಹೇಳಲೇಬೇಕು. ಮೂರು ವರ್ಷದ ಹಿಂದೆ ವಾರದ ಕೂಟದಲ್ಲಿ ಒಬ್ಬ ಹಿರಿಯರು ಕೊಳಲಿನಲ್ಲಿ ಒಂದು ರೀಲ್ ನುಡಿಸಿದರು. ನಾನು ಫೋನಿನಲ್ಲಿ ಹಿಡಿದುಕೊಂಡೆ. ‘ರೀಲ್ 3’ ಅಂತ ಹೆಸರಿಟ್ಟು ಮರೆತೆ. ಕಳೆದ ಚಳಿಗಾಲದಲ್ಲಿ ಅವರು ತೀರಿಹೋದರು. ಇವತ್ತು ಬಸ್ಸಿನಲ್ಲಿ ಅದನ್ನು ಹಾಕಿ ಕೇಳಿದೆ. ಮಟ್ಟು ಮುಗಿಯುತ್ತದೆ, ಯಾರೋ ಚಪ್ಪಾಳೆ ತಟ್ಟುತ್ತಾರೆ, ಅವರು ಉಸಿರೆಳೆದುಕೊಂಡು “ಇದನ್ನು ನಾನು ಕಲಿತದ್ದು” ಅಂತ ಶುರು ಮಾಡುತ್ತಾರೆ. ಅಲ್ಲಿಗೆ ಕಟ್. ನಿಲ್ಲಿಸಿದ್ದು ನನ್ನದೇ ಬೆರಳು.

ಅವರ ಮಗಳ ನಂಬರ್ ಕೂಟದವರ ಹತ್ತಿರ ಇದೆ. ನಾಳೆ ಬೆಳಿಗ್ಗೆ ಫೋನ್ ಮಾಡಿ, ಆ ಮಟ್ಟು ಕೇಳಿಸಿ, ಅಪ್ಪ ಇದನ್ನು ಯಾರ ಹತ್ತಿರ ಕಲಿತರು ಅಂತ ಕೇಳುತ್ತೇನೆ.