ಅದು ಅರಮನೆಯಲ್ಲ, ಅಂಗಡಿಯವರ ಮನೆ

ರಾಜಸ್ಥಾನದ ಜೈಸಲ್ಮೇರಿನಿಂದ ನಿನ್ನೆ ಹಿಂದಿರುಗಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿನ ಪಟ್ವಾ ಮನೆತನದ ಹವೇಲಿಯಲ್ಲಿ, ಅಂದರೆ ದೊಡ್ಡ ಮನೆಯಲ್ಲಿ, ಇದ್ದ ಎರಡು ಗಂಟೆಯಲ್ಲಿ "ಇದು ಯಾವ ರಾಜನ ಅರಮನೆ?" ಎಂಬ ಪ್ರಶ್ನೆ ಎಷ್ಟು ಸಲ ಕಿವಿಗೆ ಬಿತ್ತೋ! ಒಮ್ಮೆ ಕನ್ನಡದಲ್ಲೇ ಕೇಳಿಸಿತು. ಸುಮ್ಮನಿರಲಾಗದೆ ತಿರುಗಿ ಹೇಳಿಯೇಬಿಟ್ಟೆ: ರಾಜನದ್ದಲ್ಲ ಸ್ವಾಮಿ, ಜರಿ ವ್ಯಾಪಾರಿಯದು.

ಗುಮಾನ್ ಚಂದ್ ಪಟ್ವಾ 1805ರ ಸುಮಾರಿಗೆ ಕಟ್ಟಡ ಶುರು ಮಾಡಿಸಿದರು. ಐವರು ಗಂಡುಮಕ್ಕಳಿಗೆ ಐದು ಮನೆ. ಎಲ್ಲವೂ ಮುಗಿಯಲು ಅರ್ಧ ಶತಮಾನವೇ ಹಿಡಿಯಿತು. ಆ ಹಳದಿ ಕಲ್ಲಿನ ಝರೋಕಾಗಳ, ಅಂದರೆ ಹೊರಚಾಚಿದ ಕಿಟಕಿಗಳ, ಕೆತ್ತನೆ ನೋಡಿದರೆ ಮರವನ್ನು ಕೊರೆದಂತಿದೆ. ಜನ ಅದರ ಮುಂದೆ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಆದರೆ ಒಳಗೆ ಗಾದಿ ಹಾಸಿ, ತಕ್ಕಡಿ, ತೂಕದ ಬಟ್ಟುಗಳನ್ನು ಜೋಡಿಸಿಟ್ಟ ಕೋಣೆಯಲ್ಲಿ ನಾನು ಇದ್ದಷ್ಟು ಹೊತ್ತೂ ಒಬ್ಬರೂ ನಿಲ್ಲಲಿಲ್ಲ. ಇಣುಕಿದರು, "ಇಲ್ಲೇನೂ ಇಲ್ಲ" ಎಂದು ಮುಂದೆ ಹೋದರು. ಇಡೀ ಮನೆ ಎದ್ದದ್ದೇ ಆ ತಕ್ಕಡಿಯಿಂದ!

ಜೊತೆಗಿದ್ದ ಗೆಳತಿ ಕೇಳಿದಳು: "ಚೆಂದ ಇದ್ದರೆ ಸಾಲದೇ? ಯಾರ ಮನೆಯಾದರೇನು?" ಸಾಲದು. ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಕಡೆಗೆ ಹೋಗುತ್ತಿದ್ದ ಒಂಟೆಗಳ ಸಾಲು ಈ ಊರಿಗೆ ಅನ್ನ ಕೊಟ್ಟಿತ್ತು. ಬೊಂಬಾಯಿಯ ಬಂದರು ಬೆಳೆದಂತೆ ಸರಕು ಹಡಗು ಹತ್ತಿತು, ಮರುಭೂಮಿಯ ದಾರಿ ಸೊರಗಿತು. ಅಳಿದುಳಿದದ್ದನ್ನು 1947ರ ಗಡಿ ಮುಚ್ಚಿಹಾಕಿತು. ಅರಮನೆ ಎಂದುಕೊಂಡು ಬಂದವರಿಗೆ, ಇಷ್ಟು ದೊಡ್ಡ ಮನೆಗಳನ್ನು ಬಿಟ್ಟು ವ್ಯಾಪಾರಿಗಳು ಬೇರೆ ಊರುಗಳಿಗೆ ಏಕೆ ಹೋದರು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ನಮ್ಮ ಜವಳಿ ಅಂಗಡಿ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಪ್ಪ ಗಾದಿಯ ಮೇಲೆ ಕುಳಿತು ಕಿರ್ದಿ ಬರೆಯುತ್ತಿದ್ದರು. ದೀಪಾವಳಿಯಂದು ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ "ಶುಭ ಲಾಭ" ಎಂದು ಬರೆದ ಮೇಲೆಯೇ ನಮಗೆ ಸಿಹಿ. ಯಾರ ಮಗಳ ಮದುವೆಗೆ ಎಷ್ಟು ಸೀರೆ ಹೋಯಿತು, ಬರಗಾಲದ ವರ್ಷ ಯಾರ ಬಾಕಿಗೆ ಅಡ್ಡಗೆರೆ ಎಳೆದರು, ಎಲ್ಲವೂ ಅದರಲ್ಲಿತ್ತು. ಅಂಗಡಿ ಮುಚ್ಚಿದಾಗ ಆ ಕಿರ್ದಿಗಳನ್ನೆಲ್ಲ ರದ್ದಿಯವನಿಗೆ ತೂಕಕ್ಕೆ ಹಾಕಿದವಳು ನಾನೇ. ಅಪ್ಪ ಜಗಲಿಯಲ್ಲಿ ಕುಳಿತು ನೋಡುತ್ತಿದ್ದರು, ಒಂದು ಮಾತೂ ಆಡಲಿಲ್ಲ. ಜೈಸಲ್ಮೇರಿನ ಆ ಕೋಣೆಯ ಬಾಗಿಲಲ್ಲಿ ನಿಂತಾಗ ಅವರ ಆ ಮುಖವೇ ಕಣ್ಣಿಗೆ ಕಟ್ಟಿತು.

ನೀವು ಯಾರಾದರೂ ಅಲ್ಲಿಗೆ ಹೋಗುವವರಿದ್ದರೆ ಝರೋಕಾಗಳನ್ನು ಆಮೇಲೆ ನೋಡಿ. ಮೊದಲು ಆ ಗಾದಿಯ ಕೋಣೆಗೆ ಹೋಗಿ, ಹತ್ತು ನಿಮಿಷ ನಿಲ್ಲಿ.