ಸಮುದ್ರಕ್ಕೂ ಮೈಸೂರಿಗೂ ಸಂಬಂಧ ಇಲ್ವಂತೆ!

ಬೆಳಿಗ್ಗೆ ದೊಡ್ಡ ಗಡಿಯಾರದ ಹತ್ತಿರ ಪಾರಂಪರಿಕ ನಡಿಗೆ ಇತ್ತು, ಹೋಗಿದ್ದೆ. ಕಾಲೇಜು ಹುಡುಗಿಯೊಬ್ಬಳು, ಪಾಪ, "ಸರ್, ಮೈಸೂರಿನವರಿಗೆ ಬಂದರು ಇತ್ತಾ?" ಅಂತ ಕೇಳಿದ್ಲು. ವಿವರಣೆ ಕೊಡ್ತಿದ್ದ ಮಹಾಶಯರು "ನಮಗೆ ಕಾವೇರಿ ಸಾಕಮ್ಮ, ಸಮುದ್ರ ಯಾಕೆ?" ಅಂದ್ರು. ಎಲ್ಲರೂ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು.

ಮಂಗಳೂರು ಬಂದರಿನ ಬ್ಯಾಂಕಲ್ಲಿ ನಾನು ಸವೆಸಿದ ಕಾಲ ನಿಮಗೆಲ್ಲ ಗೊತ್ತೇ ಇದೆ, ಆ ಪುರಾಣ ಮತ್ತೆ ಬೇಡ. ಆದ್ರೆ ಇಷ್ಟು ಕೇಳಿ. 1763ರಲ್ಲಿ ಹೈದರಾಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹಿಡಿದ. ಕೆಳದಿಯವರ ಕರಾವಳಿಯೂ ಅದರ ಜೊತೆಗೇ ಕೈಗೆ ಬಂತು. ಹಡಗು ಕಟ್ಟಿಸಿದ. ಅಕ್ಕಿ, ಮೆಣಸು, ಗಂಧ ಎಲ್ಲ ಮಸ್ಕತ್‌ಗೆ ಹೋಗ್ತಿತ್ತು. ಟಿಪ್ಪು ಅಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಇಂಗ್ಲಿಷರು ಮಂಗಳೂರಿನ ಮೇಲೆ ಕಣ್ಣು ಹಾಕಿದ್ದು ಸುಮ್ಮನೆ ಅಲ್ಲ. 1783ರಲ್ಲಿ ಹಿಡಿದ್ರು, ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ವಾಪಸ್ ಕಿತ್ಕೊಂಡ. 1784ರ ಮಾರ್ಚಲ್ಲಿ ಒಪ್ಪಂದ ಆಗಿದ್ದೂ ಮಂಗಳೂರಲ್ಲೇ. ಗುರುಪುರ ಹೊಳೆಗೆ ಯುದ್ಧದ ಹಡಗು ನುಗ್ಗಬಾರದು ಅಂತ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇವತ್ತೂ ಬೋಳೂರಲ್ಲಿ ನಿಂತಿದೆ, ಫಿರಂಗಿ ಕಂಡಿಗಳ ಸಮೇತ. ಇದೆಲ್ಲ ಯಾವ ಕಾವೇರಿ, ಸ್ವಾಮಿ?

(ಟಿಪ್ಪು ಹೆಸರು ಕಂಡ ಕೂಡಲೇ ಪಂಚೆ ಎತ್ತಿ ಕಟ್ಟೋರು ಎರಡೂ ಕಡೆ ಇದ್ದೀರಿ. ದಯವಿಟ್ಟು ಬೇರೆ ಗೋಡೆ ನೋಡ್ಕೊಳ್ಳಿ.)

"1799ಕ್ಕೆ ಕರಾವಳಿ ಕಂಪನಿ ಪಾಲಾಯ್ತಲ್ಲ, ಬರೀ 36 ವರ್ಷಕ್ಕೆ ಏನು ಹಾರಾಟ?" ಅಂತ ಒಬ್ರು ಅಲ್ಲೇ ವಾದಕ್ಕಿಳಿದ್ರು. ಆಯ್ತಪ್ಪ. ಅರಮನೆ ಕಲ್ಯಾಣ ಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಬಂದವು ಅಂತ ಐದು ನಿಮಿಷ ಮುಂಚೆ ಎದೆಯುಬ್ಬಿಸಿ ಕೇಳಿದ್ರಲ್ಲ, ಅವೇನು ಮಂಡ್ಯದ ಕಬ್ಬಿನ ಗಾಡೀಲಿ ಬಂದವಾ?

ಇವರು ಒಂದ್ಸಲ ಮಂಗಳೂರಿನ ಹಳೇ ಬಂದರಿಗೆ ಹೋಗ್ಬೇಕು. ದೊಡ್ಡ ಹಡಗೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋದ ಮೇಲೂ ಅಲ್ಲಿ ಮಂಜಿಗಳು, ಅಂದ್ರೆ ಸರಕು ಸಾಗಿಸೋ ಮರದ ಹಡಗುಗಳು, ನಿಂತಿರ್ತವೆ. ಲಕ್ಷದ್ವೀಪಕ್ಕೆ ಹೊರಡೋ ಮಂಜಿಗೆ ದಡದಿಂದ ಒಂದು ಹಲಗೆ. ಹಮಾಲರು ಸಿಮೆಂಟ್ ಮೂಟೆ ಹೊತ್ತು ಅದರ ಮೇಲೆ ನಡೀತಾರೆ. ಹಲಗೆ ನಡುವಲ್ಲಿ ಬಾಗುತ್ತೆ, ಮುಂದಿನವನು ದಾಟೋ ತನಕ ಹಿಂದಿನವನು ಭಾರ ಹೊತ್ಕೊಂಡೇ ಕಾಯ್ತಾನೆ. ಸಿಮೆಂಟ್ ಆದ್ಮೇಲೆ ಜಲ್ಲಿ, ಈರುಳ್ಳಿ, ತರಕಾರಿ. ಕೊನೆಗೆ ಆಡುಗಳು, ಅವು ಮಾತ್ರ ಹಲಗೆ ಹತ್ತಲ್ಲ ಅಂತ ಹಟ ಹಿಡೀತವೆ. ಆಚೆ ಮೀನಿನ ದಕ್ಕೆಯಲ್ಲಿ ಕತ್ತಲಿರುವಾಗಲೇ ಬಂಗುಡೆ, ಬೂತಾಯಿ ಮೀನಿನ ಹರಾಜು. ತುಳು, ಬ್ಯಾರಿ, ಕೊಂಕಣಿ, ಮಲಯಾಳ ಎಲ್ಲದರಲ್ಲೂ ಒಟ್ಟಿಗೇ ಚೌಕಾಶಿ. ಮಳೆಗಾಲ ಬಂದ್ರೆ ಎಲ್ಲ ಬಂದ್, ಮಂಜಿ ಕಡಲಿಗಿಳಿಯಲ್ಲ. ಸಾಲದ ಕಂತು ಮುಂದೂಡಿ ಅಂತ ನಮ್ಮ ಕೌಂಟರ್ ಮುಂದೆ ಜನ.

ನಿಜ ಹೇಳ್ಲಾ? ನಮ್ಮನೇಲಿ ಮೊಟ್ಟೆಗೂ ಪ್ರವೇಶ ಇಲ್ಲ. ಆದ್ರೂ ಆ ಒಣಮೀನಿನ ವಾಸನೆ ಈಗೀಗ ಬೇಕು ಅನ್ಸುತ್ತೆ. ನಮ್ಮವಳು ಇದನ್ನ ಓದಿದ್ರೆ ಇವತ್ತು ರಾತ್ರಿ ಜಗಲೀನೇ ಗತಿ.

ಹಾಗಂತ ನಮ್ಮೂರ ಜನ ಅಲ್ಲಿಗೆ ಹೋಗಲ್ಲ ಅಂತಲ್ಲ, ಟಿಟಿ ಮಾಡ್ಕೊಂಡು ಹೋಗ್ತಾರೆ. ತಣ್ಣೀರುಬಾವಿ ಬೀಚಿಗೆ ದೋಣಿ ಹತ್ತೋದು ಬತ್ತೇರಿ ಪಕ್ಕದಲ್ಲೇ ಅಲ್ವಾ, ಆ ಕಪ್ಪು ಕಲ್ಲಿಗೆ ಒರಗಿ ಚುರುಮುರಿ ತಿಂತಾರೆ. ಒಂದ್ಸಲ ತಡೀಲಾರದೆ, "ಇದನ್ನ ಕಟ್ಟಿಸಿದ್ದು ನಮ್ಮ ಶ್ರೀರಂಗಪಟ್ಟಣದವರು ಕಣ್ರೀ" ಅಂದೆ. "ಹೌದಾ ಸಾರ್? ಇಲ್ಲಿ ಟಾಯ್ಲೆಟ್ ಯಾವ ಕಡೆ?" ಅಂದ್ರು.